ಇವತ್ತು ಮಾಮಾ ಬರೂದಿಲ್ಲ

ನಮ್ಮ ಅಳಿಯನಿಗೆ ಎಲ್ಲರ ಹಾಗೆ ಹಸಿವಾಗುವುದಿಲ್ಲ. ಅವನ ಹಸಿವು ಮಧ್ಯಾಹ್ನ ಒಂದೂ ಕಾಲಿಗೆ ಶುರುವಾಗಿ ಒಂದೂ ಮುಕ್ಕಾಲಿಗೆ ಮುಗಿಯುತ್ತದೆ. ಹಾಗಂತ ಅವನೇ ಹಾಳೆಯ ಮೇಲೆ ನೀಲಿ ಪಟ್ಟಿ ಎಳೆದು ಬರೆದಿಟ್ಟಿದ್ದಾನೆ. ಒಂದು ಗಂಟೆಗೆ ಬಿಸಿ ರೊಟ್ಟಿ ಮುಂದಿಟ್ಟರೂ ಮುಟ್ಟುವುದಿಲ್ಲ. "ಇನ್ನಾ ಹದಿನೈದು ನಿಮಿಷ ಅದ ಮಾಮಾ" ಅನ್ನುತ್ತಾನೆ. ಹಸಿದವರು ಗಡಿಯಾರ ನೋಡುವುದನ್ನು ಬೇಕಾದಷ್ಟು ಕಂಡಿದ್ದೇನೆ. ಹಸಿಯುವುದಕ್ಕಾಗಿ ಗಡಿಯಾರ ನೋಡುವ ಗಿರಾಕಿ ಇವನೊಬ್ಬನೇ!

ಅಳಿಯ ಅಂದರೆ ಮಗಳ ಗಂಡ ಅಲ್ಲ, ನನಗೆ ಮಗಳೇ ಇಲ್ಲ. ದೇವದುರ್ಗದಲ್ಲಿರುವ ನಮ್ಮ ಅಕ್ಕನ ಮಗ. ಹೆಸರು ಹೇಳುವುದಿಲ್ಲ. ಹೇಳಿದರೆ, ಈ ಬರಹವನ್ನು ನಾನು ಎಷ್ಟು ದಿನ ಬರೆದೆ, ಎಷ್ಟು ದಿನದಲ್ಲಿ ಬರೆಯಬಹುದಿತ್ತು ಅಂತ ಒಂದು ಚಾರ್ಟು ಮಾಡಿ ಕಳಿಸಿಬಿಡುತ್ತಾನೆ.

ನನ್ನದೂ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಮಸರಕಲ್ಲಿನವ. ಏಳನೇ ಕ್ಲಾಸಿನ ಪುಸ್ತಕ ಮುಚ್ಚಿಟ್ಟು ಕೈಗೆ ಕರಣಿ ತಗೊಂಡವ. ಪುಟ್ಟಿ ಹೊತ್ತೆ, ಕಲ್ಲು ಹೊತ್ತೆ, ಗೌಂಡಿಯಾದೆ, ಈಗ ರಾಯಚೂರಿನಲ್ಲಿ ಮೇಸ್ತ್ರಿ. ನಾನು ಕಟ್ಟಿದ ಮನೆಗಳ ಮುಂದೆ ಬೈಕು ನಿಲ್ಲಿಸಿ ಒಂದು ನಿಮಿಷ ನೋಡಿ ಹೋಗುವ ಚಟ ನನಗಿದೆ. ಯಾವ ಗೋಡೆಯೂ ಇವತ್ತಿನವರೆಗೆ ಬಿರುಕು ಬಿಟ್ಟಿಲ್ಲ. ಬಿಟ್ಟಿದ್ದರೆ ಅದು ಪೇಂಟಿನವನ ತಪ್ಪು.

ಊರ ತುಂಬಾ ಮನೆ ಕಟ್ಟಿದವ, ಅಕ್ಕನ ಮನೆ ಮಾತ್ರ ಮುಗಿಸಿರಲಿಲ್ಲ. ಬಾಗಿಲ ಮೇಲಿನ ಲಿಂಟಲ್ ಮಟ್ಟಕ್ಕೆ ಗೋಡೆ ಏರಿಸಿ, ಮೇಲೆ ತಗಡು ಹೊದಿಸಿ, "ಅಕ್ಕಾ, ಮುಂದಿನ ಪಂಚಮಿಗೆ ಸ್ಲ್ಯಾಬಿನ ಕೆಳಗ ಜೋಕಾಲಿ ಆಡ್ತಿ ನೋಡು" ಅಂತ ಹೇಳಿ ಬಂದೆ. ನಾಗರಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಹೋದಾಗಲೆಲ್ಲ ಅದೇ ಮಾತು ಹೇಳಿದೆ. ಒಂಬತ್ತು ಪಂಚಮಿ ಹೇಳಿದೆ! ನಡುನಡುವೆ ಕರಣಿ ತಗೊಂಡು ಹೋಗುತ್ತಿದ್ದೆ, ಇಲ್ಲವೆನ್ನುವುದಿಲ್ಲ. ನಾಲ್ಕು ಇಟ್ಟಂಗಿ ಇಡುವಷ್ಟರಲ್ಲಿ ಅಕ್ಕ ಬಿಸಿ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟು, "ಇವತ್ತಿಗೆ ಸಾಕು ಬಿಡೋ ತಮ್ಮಾ, ಇನ್ನೊಮ್ಮೆ ಬಂದಾಗ ಮಾಡುವಿಯಂತ" ಅನ್ನುತ್ತಿದ್ದಳು. ಉಂಡ ಮೇಲೆ ಮಾತು, ಮಾತಾದ ಮೇಲೆ ಚಹಾ, ಚಹಾ ಆದ ಮೇಲೆ ಬಸ್ಸು. ನಮ್ಮ ಮನೆಯ ಕೆಲಸ ತಾನೇ, ಎಲ್ಲಿಗೆ ಓಡಿಹೋಗುತ್ತದೆ? ರಾಯಚೂರಿನಲ್ಲಿ ಒಬ್ಬರ ಗೃಹಪ್ರವೇಶದ ಕಾರ್ಡು ಅಚ್ಚಾಗಿರುತ್ತದೆ, ಮಾನ್ವಿಯಲ್ಲಿ ಇನ್ನೊಬ್ಬರ ಮಗನ ಮದುವೆ ಇರುತ್ತದೆ. ಅವರದು ಮೊದಲು ಮುಗಿಸಬೇಕೋ ಬೇಡವೋ ನೀವೇ ಹೇಳಿ!

ಇರಲಿ. ಅಳಿಯನ ವಿಷಯಕ್ಕೆ ಬರುತ್ತೇನೆ.

ಅವನು ಸಿವಿಲ್ ಎಂಜಿನಿಯರಿಂಗ್ ಮುಗಿಸಿದಾಗ ನಾವೆಲ್ಲ ಪೇಡೆ ಹಂಚಿದೆವು. ಪೇಡೆಯ ಸಿಹಿ ಬಾಯಲ್ಲಿ ಇರುವಾಗಲೇ ಹೇಳಿದ: "ಇನ್ನಾ ಎರಡು ವರ್ಷ ಓದ್ತೀನಿ ಮಾಮಾ. ಎಂ.ಟೆಕ್. ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್."

"ಅದರಾಗ ಏನ್ ಕಲಿಸ್ತಾರ?"

"ಯಾವ ಕೆಲಸದ ಹಿಂದ ಯಾವ ಕೆಲಸ ಬರಬೇಕು, ಯಾವುದಕ್ಕ ಎಷ್ಟು ದಿನ, ಎಷ್ಟು ಮಂದಿ, ಎಷ್ಟು ಸಾಮಾನು, ಎಲ್ಲಾ."

"ಮೊದಲ ಪಾಯ, ಆಮ್ಯಾಲ ಗ್ವಾಡಿ, ಅದರ ಮ್ಯಾಲ ಸ್ಲ್ಯಾಬ್. ಆತಲ್ಲ? ಎರಡು ವರ್ಷದ್ದು ಎರಡು ನಿಮಿಷದಾಗ ಕಲಿಸೀನಿ. ಸರ್ಟಿಫಿಕೇಟ್ ಬೇಕಂದ್ರ ಹೇಳು, ಸಿಮೆಂಟ್ ಚೀಲದ ಮ್ಯಾಲ ಬರದು ಕೊಡ್ತೀನಿ."

ನಗಲಿಲ್ಲ. ನಗುವುದು ಆ ಹೊತ್ತಿನ ಶೆಡ್ಯೂಲಿನಲ್ಲಿ ಇರಲಿಲ್ಲವೇನೋ. ತಾಳ್ಮೆಯಿಂದ ವಿವರಿಸಿದ. ಬರೀ ಬಿ.ಇ. ಮಾಡಿದವರನ್ನು ಕಂಪನಿಗಳು ಸೈಟಿನಲ್ಲಿ ನಿಲ್ಲಿಸುತ್ತವಂತೆ. ಇದನ್ನೂ ಓದಿದರೆ ಪ್ಲಾನಿಂಗ್ ಎಂಜಿನಿಯರ್ ಅಂತ ಕೂರಿಸುತ್ತವಂತೆ. ಅಲ್ಲಿಂದ ಹತ್ತುತ್ತಾ ಹೋದರೆ ಪ್ರಾಜೆಕ್ಟ್ ಮ್ಯಾನೇಜರ್ ಅಂತೆ.

"ಅಂದ್ರ, ಎರಡು ವರ್ಷ ಓದೂದು ಒಂದು ಕುರ್ಚಿಗೆ ಅನ್ನು."

"ಕುರ್ಚಿಗಲ್ಲ ಮಾಮಾ. ಕೆಲಸ ನಿಂತು ಹೋಗಬಾರದಲ್ಲ, ಅದಕ್ಕ."

ಹಾಗೆ ಹೇಳುವಾಗ ಅವನು ತಲೆ ಮೇಲಿನ ತಗಡು ನೋಡಿದ. ನಾನು ಪೇಡೆ ಡಬ್ಬಿ ನೋಡಿದೆ.

ಅಕ್ಕನಿಗೆ ಮಾತ್ರ ಇದನ್ನು ಜನರಿಗೆ ತಿಳಿಸಿ ಹೇಳುವುದೇ ದೊಡ್ಡ ತಲೆನೋವಾಯಿತು. ಅವಳದು ದೇವದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರ ಮಂಡಾಳ ಒಗ್ಗರಣೆ, ಅಂದರೆ ಮಂಡಕ್ಕಿ ಒಗ್ಗರಣೆ, ಮತ್ತು ಮಿರ್ಚಿಯ ಬಂಡಿ. ಅಕ್ಕನ ಗಂಡ ಲಾರಿಯ ಮೇಲೆ ಊರೂರು ತಿರುಗುವವ, ಆದ್ದರಿಂದ ಮನೆಯೂ ಅವಳೇ, ಬಂಡಿಯೂ ಅವಳೇ. ಗಿರಾಕಿಯೊಬ್ಬ ಮಿರ್ಚಿ ಕಡಿಯುತ್ತಾ ಕೇಳಿದ: "ಯವ್ವಾ, ನಿನ್ನ ಮಗ ಇನ್ನಾ ಓದಾಕತ್ತಾನಂತ? ಪಾಪ, ಎಷ್ಟರಾಗ ಫೇಲ್ ಆಗ್ಯಾನ?"

"ಫೇಲ್ ಅಲ್ಲಪ್ಪಾ, ಪಾಸಾಗಿದ್ದಕ್ಕ ಓದಾಕತ್ತಾನ."

"ಪಾಸಾದ ಮ್ಯಾಲೂ ಬಿಡವಲ್ರಾ?" ಅಂತ ಆತ ಲೊಚಗುಟ್ಟಿ, ಇನ್ನೆರಡು ಮಿರ್ಚಿ ತಿಂದು ಹೋದ.

ಮೊದಲನೇ ಸೂಟಿಗೆ ಬಂದವನೇ ತಾಯಿಯ ಬಂಡಿಯ ಮೇಲೆಯೇ ವಿದ್ಯೆ ತೋರಿಸಿದ. ಮೊಬೈಲ್ ಹಿಡಕೊಂಡು ಪಕ್ಕದಲ್ಲಿ ನಿಂತು ಉಳ್ಳಾಗಡ್ಡಿ ಹೆಚ್ಚುವುದಕ್ಕೆ ಎಷ್ಟು, ಮಂಡಾಳು ನೆನೆಸುವುದಕ್ಕೆ ಎಷ್ಟು, ಎಣ್ಣೆ ಕಾಯುವುದಕ್ಕೆ ಎಷ್ಟು ಅಂತ ಬರೆದ. "ಅವ್ವಾ, ನೀ ಒಂದಾದ ಮ್ಯಾಲ ಒಂದು ಮಾಡಾಕತ್ತಿ. ಎಣ್ಣಿ ಕಾಯೂ ಹೊತ್ತಿನಾಗ ಮಂಡಾಳ ನೆನಸು, ಮಂಡಾಳ ನೆನಿಯೂದ್ರಾಗ ಉಳ್ಳಾಗಡ್ಡಿ ಹೆಚ್ಚು." ಅಕ್ಕ ಒಂದು ದಿನ ಹಾಗೇ ಮಾಡಿದಳು. ಏಳೂವರೆಗೆ ಆಗುವ ಒಗ್ಗರಣೆ ಆರೂ ನಲವತ್ತಕ್ಕೆ ತಯಾರು! ಅಳಿಯನ ಮುಖದಲ್ಲಿ ರ್‍ಯಾಂಕ್ ಬಂದಷ್ಟು ಸಂತೋಷ. ಆದರೆ ಮೊದಲನೇ ಬಸ್ಸು ಬರುವುದು ಏಳೂವರೆಗೆ. ಗಿರಾಕಿ ಬರುವಷ್ಟರಲ್ಲಿ ಒಗ್ಗರಣೆ ಆರಿ ಅವಲಕ್ಕಿಯ ಹಾಗಾಗಿತ್ತು.

ಅಕ್ಕ ಜಾಲರಿ ಸೌಟು ಎತ್ತಿ ಹಿಡಿದು, "ಎಲ್ಲಾ ಬರದಿಯಲ್ಲ, ಗಿರಾಕಿ ಎಲ್ಲಿ ಬರದೀಲೇ?" ಅಂದಳು.

ಅಳಿಯ ಹಾಳೆ ತಿರುಗಿಸಿ ನೋಡಿದ. ಗಿರಾಕಿ ಇರಲಿಲ್ಲ.

ಅಕ್ಕನ ಬಂಡಿಯಿಂದ ಅವನ ದೃಷ್ಟಿ ನನ್ನ ಸೈಟಿನ ಮೇಲೆ ಬಿತ್ತು. ಆಗ ಮಾನ್ವಿಯಲ್ಲಿ ಎರಡಂತಸ್ತಿನ ಮನೆಯೊಂದು ನಡೆದಿತ್ತು. ಟ್ರೇನಿಂಗ್ ಅಂತ ಬಂದ. ಹಳದಿ ಹೆಲ್ಮೆಟ್, ಹೆಗಲಿಗೆ ಲ್ಯಾಪ್‌ಟಾಪು. ಮೂರು ದಿನ ಒಂದು ಇಟ್ಟಂಗಿ ಎತ್ತಲಿಲ್ಲ, ನಾಲ್ಕನೇ ದಿನ ಬಾಗಿಲಿನಷ್ಟು ಉದ್ದದ ಚಾರ್ಟು ಅಂಟಿಸಿದ. ನೀಲಿ ಪಟ್ಟಿ ಎಲ್ಲ ಸಾಮಾನ್ಯ ಕೆಲಸ. ನಡುವೆ ಕೆಂಪು ಪಟ್ಟಿ. ಅದು ಕ್ರಿಟಿಕಲ್ ಪಾತ್ ಅಂತೆ. ಅದರಲ್ಲಿ ಒಂದು ದಿನ ತಪ್ಪಿದರೆ ಇಡೀ ಮನೆಯೇ ಒಂದು ದಿನ ತಪ್ಪುತ್ತದಂತೆ.

"ನಮ್ಮಲ್ಲಿ ಅದಕ್ಕ ಸ್ಲ್ಯಾಬಿಗೆ ಹಲಗಿ ಬಡಿಯೂ ಸೆಂಟ್ರಿಂಗ್‌ನವ ಅಂತಾರ, ಅವ ತಪ್ಪಿದ್ರ ಎಲ್ಲಾ ತಪ್ಪತದ" ಅಂದೆ. ಅವನು ಅದನ್ನೂ ಬರೆದುಕೊಂಡ!

ಐತವಾರ ಬಂತು. ಚಾರ್ಟಿನ ಪ್ರಕಾರ ಸೂಟಿ. ಅಳಿಯ ಹಾಯಾಗಿ ಮಲಗಿದ. ಕೂಲಿಯವರೆಲ್ಲ ಎಂಟು ಗಂಟೆಗೇ ಬಂದು ಉಸುಕಿನ ಗುಡ್ಡೆ ಮೇಲೆ ಕೂತು ಅವನನ್ನೇ ಕಾಯುತ್ತಿದ್ದರು. ಅವರಿಗೆ ಐತವಾರ ಅಂದರೆ ಸೋಮವಾರದ ಹಿಂದಿನ ದಿನ, ಅಷ್ಟೇ. ಮತ್ತೆ ನಾಲ್ಕು ದಿನಕ್ಕೆ ಕೆಂಪು ಪಟ್ಟಿಯ ಕೆಲಸ. ಅಳಿಯ ಏಳು ಗಂಟೆಗೇ ಹೆಲ್ಮೆಟ್ ಹಾಕಿಕೊಂಡು ನಿಂತ. ಒಂಬತ್ತಾಯಿತು, ಹತ್ತಾಯಿತು, ಒಂದು ನರಪಿಳ್ಳೆ ಇಲ್ಲ. ನಾಯಿಯೊಂದು ಬಂದು ಚಾರ್ಟು ಮೂಸಿ ಹೋಯಿತು. ನನಗೆ ಫೋನು.

"ಮಾಮಾ, ಮಂದಿ ಎಲ್ಲಿ ಹೋದ್ರು?"

"ಇವತ್ತು ಅಮಾಸಿ ಅಲ್ಲೇನಲೇ? ಅಮಾಸಿ ದಿನ ಕರಣಿ ಮುಟ್ಟತಾರೇನು?"

"ನನ್ನ ಸಾಫ್ಟ್‌ವೇರ್‌ನಾಗ ಅಮಾಸಿ ಇಲ್ಲ."

"ಅದರಾಗ ಇರಲಿಕ್ಕಿಲ್ಲಪಾ, ಮುಗಿಲಿನಾಗ ಅದ."

ಬೇರೆ ಯಾರಾದರೂ ಆಗಿದ್ದರೆ ನಾಚಿಕೊಂಡು ಚಾರ್ಟು ಹರಿದುಹಾಕುತ್ತಿದ್ದರು. ಇವನ ತಲೆಯೇ ಬೇರೆ. ಮರುದಿನದಿಂದ ಪುಟ್ಟಿ ಹೊರುವ ಹೆಣ್ಣುಮಕ್ಕಳ ಹಿಂದೆ ನೋಟ್‌ಬುಕ್ ಹಿಡಿದು ತಿರುಗಿದ. "ಯಕ್ಕಾ, ನಾಟಿಗೆ ಯಾವಾಗ ಹೋಗ್ತೀರಿ? ಹತ್ತಿ ಬಿಡಸಾಕ ಎಷ್ಟು ದಿನ? ಸಂತಿ ಯಾವತ್ತು? ಮೊಹರಮ್ಮಿನ ಅಲಾಯಿ ಕುಣಿತಕ್ಕ ಎಷ್ಟು ದಿನ ಬಿಡ್ತೀರಿ? ನಿಮ್ಮ ಮನ್ಯಾಗ ಈ ವರ್ಷ ಯಾರ್‍ದರ ಲಗ್ನ ಅದನು?" ಒಬ್ಬಾಕೆ ಪುಟ್ಟಿ ಕೆಳಗಿಟ್ಟು, "ನಮ್ಮ ಮಗಳದು ಅದಪಾ. ನೀ ಏನ್ ಹುಡುಗಿ ನೋಡಾಕ ಬಂದೀಯೋ, ಲೆಕ್ಕ ಬರಿಯಾಕ ಬಂದೀಯೋ?" ಅಂದಳು. ಸೈಟೆಲ್ಲ ನಕ್ಕಿತು. ಅವನು ಲಗ್ನದ ತಾರೀಖು ಬರೆದುಕೊಂಡ.

ಎರಡು ವಾರದ ನಂತರ ವರ್ಷದ ಹಾಳೆಯೊಂದನ್ನು ನನ್ನ ಮುಂದೆ ಹಾಸಿದ. ಅಮಾವಾಸ್ಯೆ, ಸಂತೆ, ಕಾಲುವೆಗೆ ನೀರು ಬಿಡುವ ಕಾಲ, ನಾಟಿ, ಹತ್ತಿ, ಹಬ್ಬ, ಉರುಸು, ಲಗ್ನ ಎಲ್ಲಕ್ಕೂ ಕೆಂಪು ಬಣ್ಣ. ಹಾಳೆ ಕುಂಕುಮದ ತಟ್ಟೆಯ ಹಾಗಿತ್ತು. ಅಲ್ಲೊಂದು ಇಲ್ಲೊಂದು ಬಿಳಿ.

"ಇಷ್ಟ ದಿನದಾಗ ನೀ ಮನಿ ಹೆಂಗ ಕಟ್ಟತಿ ಮಾಮಾ?" ಅಂತ ನಿಜವಾಗಿಯೂ ಗಾಬರಿಯಾಗಿ ಕೇಳಿದ.

"ಅದಕ್ಕಽ ನಾ ಶೆಡ್ಯೂಲ್ ಹಾಕೂದಿಲ್ಲ" ಅಂದೆ.

ನಾನು ಗೆದ್ದೆ ಅಂದುಕೊಂಡಿದ್ದೆ. ಎರಡನೇ ವರ್ಷದಲ್ಲಿ ಬಂದು ತಿರುಗಿ ಹೊಡೆದ ನೋಡಿ! ಈಗ ಪ್ರಬಂಧ ಬರೆಯಬೇಕಂತೆ, ಕಟ್ಟಡ ಕೆಲಸಗಳು ಯಾಕೆ ತಡವಾಗುತ್ತವೆ ಅಂತ. ಅದಕ್ಕೆ ಕನ್ನಡದಲ್ಲಿ ಒಂದು ಪ್ರಶ್ನೆಪತ್ರಿಕೆ. ಮಳೆ, ಉಸುಕು ಸಿಗದಿರುವುದು, ಕೂಲಿಯವರ ಕೊರತೆ, ಹೀಗೆ ಪ್ರತಿ ಕಾರಣಕ್ಕೂ ಒಂದರಿಂದ ಐದು ಅಂಕ ಕೊಡಬೇಕು. ನಾನು ಉದಾರವಾಗಿ ಎಲ್ಲಕ್ಕೂ ಐದೈದು ಕೊಡುತ್ತಾ ಹೋದೆ. ಹದಿನೇಳನೇ ಪ್ರಶ್ನೆ: ಮೇಸ್ತ್ರಿಯ ನಿರ್ಲಕ್ಷ್ಯ.

"ಸೊನ್ನಿ ಬರಿ" ಅಂದೆ.

"ಸೊನ್ನಿ ಇಲ್ಲ ಮಾಮಾ. ಒಂದರಿಂದ ಶುರು."

"ಹಂಗಾದ್ರ ಆ ಪ್ರಶ್ನಿನಽ ತಗಿ. ಸಿಲಬಸ್ ಹೊರಗಿಂದು."

"ತಗಿಯಾಕ ಬರಂಗಿಲ್ಲ ಮಾಮಾ, ನನ್ನ ಪ್ರಬಂಧ ಪೂರಾ ಒಂದಽ ಮನಿ ಮ್ಯಾಲ ಅದ."

"ಯಾವ ಮನಿ?"

"ನಮ್ಮನಿ."

ನಾನು ಚಹಾದ ಕಪ್ಪು ಕೆಳಗಿಟ್ಟೆ. ಅವನ ಗೈಡು ಮೊದಲು ಒಪ್ಪಿರಲಿಲ್ಲವಂತೆ. ಎಲ್ಲರೂ ಸೇತುವೆ, ಆಸ್ಪತ್ರೆ, ಹೆದ್ದಾರಿ ತಗೊಂಡರೆ ನೀನೇನು ಮೂರು ಖೋಲಿಯ ಮನೆ ತಗೊಂಡಿದ್ದೀ ಅಂದರಂತೆ. "ಸರ್, ಒಂಬತ್ತು ವರ್ಷ ತಡ ಆದ ಕೆಲಸ ನಿಮಗ ಇನ್ನೆಲ್ಲೂ ಸಿಗಂಗಿಲ್ಲ" ಅಂತ ಇವನು ಹೇಳಿದಾಗ ಅವರು ಸುಮ್ಮನೆ ಸಹಿ ಹಾಕಿದರಂತೆ. ತಡ ಯಾಕಾಯಿತು ಅಂತ ಬರೆದರಷ್ಟೇ ಸಾಲದು, ಶೆಡ್ಯೂಲ್ ಹಾಕಿ ಮುಗಿಸಿಯೂ ತೋರಿಸುತ್ತೇನೆ ಅಂತ ಒಪ್ಪಿಕೊಂಡು ಬಂದಿದ್ದ. ಕಾಲೇಜಿಗೆ ಬಂದ ಕಂಪನಿಯೊಂದರಲ್ಲಿ ಪ್ಲಾನಿಂಗ್ ಎಂಜಿನಿಯರ್ ಕೆಲಸವೂ ಸಿಕ್ಕಿತ್ತು. ಪಂಚಮಿಯ ಮರುದಿನ ದೂರದ ಸೈಟಿಗೆ ಹೊರಡಬೇಕು.

"ನಾ ಹೋಗೂದ್ರಾಗ ಅವ್ವನ ತಲಿ ಮ್ಯಾಲ ಸ್ಲ್ಯಾಬ್ ಇರಬೇಕು ಮಾಮಾ. ಇಲ್ಲಂದ್ರ ನನಗ ಡಿಗ್ರಿ ಇದ್ದೂ ಇಲ್ಲ."

ಆಯಿತು ಅಂದೆ. ಆಯಿತು ಅನ್ನುವುದು ನನಗೆ ಹೊಸದೇನಲ್ಲವಲ್ಲ, ಒಂಬತ್ತು ವರ್ಷದ ರೂಢಿ!

ಯುಗಾದಿ ಆದ ಮೇಲೆ ಕೆಲಸ ಶುರು. ದೇವದುರ್ಗದ ಮನೆಯ ಗೋಡೆಗೆ ಚಾರ್ಟು ಬಿತ್ತು. ಎಲ್ಲ ಅಮಾವಾಸ್ಯೆಗಳೂ ಕಪ್ಪು ಚುಕ್ಕಿಯಾಗಿ ಅಲ್ಲಿದ್ದವು. ಅಕ್ಕ ಕೇಳಿದ್ದು ಒಂದೇ: ಪಡಸಾಲೆಯ ಸ್ಲ್ಯಾಬಿಗೆ ಪಂಚಮಿ ಜೋಕಾಲಿ ಕಟ್ಟಲು ಎರಡು ಕೊಂಡಿ. ಅದಕ್ಕೂ ಒಂದು ಸಾಲು ಬರೆದಿದ್ದ. ಮೊದಲ ವಾರ ಹುರುಪಿನಿಂದ ಹೋದೆ. ಎರಡನೇ ವಾರ ರಾಯಚೂರಿನಲ್ಲಿ ಒಬ್ಬ ಸಾಹುಕಾರರ ಕಂಪೌಂಡಿನ ತುರ್ತು ಬಂತು. ನಾಳೆ ಅಕ್ಕನ ಮನೆಗೆ ಬರುತ್ತೇನೆ ಅಂದಿದ್ದೆ, ಹೋಗಲಿಲ್ಲ. ಅಳಿಯನ ಫೋನು ಮೇಲಿಂದ ಮೇಲೆ ಬರುತ್ತದೆ ಅಂತ ಮೊಬೈಲ್ ಬಂದ್ ಮಾಡಿದೆ. ಮಧ್ಯಾಹ್ನ ಆನ್ ಮಾಡಿದರೆ ಒಂದು ಫೋನೂ ಬಂದಿಲ್ಲ. ಮೂರು ಗಂಟೆಗೂ ಇಲ್ಲ, ಐದಕ್ಕೂ ಇಲ್ಲ. ತಪ್ಪಿಸಿಕೊಂಡವನನ್ನು ಯಾರೂ ಹುಡುಕದಿದ್ದರೆ ಎಷ್ಟು ಅವಮಾನ ಗೊತ್ತೇನ್ರಿ? ನಾನೇ ಹಚ್ಚಿದೆ.

"ಯಾಕಲೇ, ನಾ ಬರಲಿಲ್ಲ ಅಂತ ಒಂದು ಫೋನ್ ಮಾಡಬಾರದಾ?"

"ಇವತ್ತು ನೀ ಬರೂದಿಲ್ಲ ಅಂತ ಶೆಡ್ಯೂಲಿನಾಗ ಅದಲ್ಲ ಮಾಮಾ. ಇಟ್ಟಂಗಿ ನೆನಸೂ ಕೆಲಸ ಹಾಕೀನಿ. ಅದಕ್ಕ ನೀ ಬೇಕಾಗಿಲ್ಲ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಒಂಬತ್ತು ವರ್ಷದಲ್ಲಿ ನಾನು ಯಾವಾಗ್ಯಾವಾಗ ಕೈಕೊಟ್ಟೆ ಅಂತ ತಾಯಿಯಿಂದ ಕೇಳಿ ಬರೆದುಕೊಂಡಿದ್ದನಂತೆ. ಲಗ್ನದ ತಿಂಗಳಲ್ಲಿ ಇಷ್ಟು, ಅಮಾವಾಸ್ಯೆಯ ಮರುದಿನ ಖಾಯಂ, ಸಾಹುಕಾರರು ಕರೆದಾಗ ಇಷ್ಟು. ಎಲ್ಲ ಕೂಡಿಸಿ "ಮಾಮಾ ಬರೂದಿಲ್ಲ" ಅಂತ ಚಾರ್ಟಿನಲ್ಲಿ ಒಂದು ಸಾಲೇ ಮಾಡಿದ್ದ! ಮಳೆ, ನಾಟಿ, ಅಮಾವಾಸ್ಯೆ, ಮಾಮಾ. ಊರಿಗೆ ಬರುವ ತೊಂದರೆಗಳ ಸಾಲಿನಲ್ಲಿ ನಾನೂ ಒಬ್ಬ.

"ಇನ್ನಾ ಎಷ್ಟು ದಿನ ಅದಾವಲೇ ಹಂಗ?"

"ಹನ್ನೊಂದು. ತಾರೀಖು ವಾಟ್ಸಪ್ಪಿಗೆ ಹಾಕಲೇನು?"

"ಹಾಕು!"

ಹಾಕಿದ. ಆ ಹನ್ನೊಂದೂ ದಿನ ಮೊದಲನೇ ಬಸ್ಸಿಗೆ ಹೋದೆ. ಬಸ್ಸು ಕಲ್ಮಲ ದಾಟುವಷ್ಟರಲ್ಲಿ ಇವತ್ತು ಇವನ ಶೆಡ್ಯೂಲ್ ಹೇಗೆ ಕೆಡಿಸಲಿ ಅಂತ ಮೀಸೆಯ ಮೇಲೆ ಕೈ. ನನ್ನನ್ನು ನೋಡಿ ಅವನು ದಿನವೂ ಬೆಚ್ಚಿಬಿದ್ದ ಹಾಗೆ ಮಾಡುತ್ತಿದ್ದ. "ಅಯ್ಯ ಮಾಮಾ, ನೀ ಇವತ್ತು ಇಲ್ಲಲ್ಲ!" "ಇದ್ದೀನಲೇ! ಕಲಸು ಮಾಲು!" ಲಿಂಟಲ್ ಮೇಲಿನ ಗೋಡೆ ಮುಗಿಯಿತು, ಸೆಂಟ್ರಿಂಗ್ ಏರಿತು, ಕಬ್ಬಿಣ ಕಟ್ಟಿಯಾಯಿತು. ಕೆಲಸ ಹನ್ನೊಂದು ದಿನ ಮುಂದೆ ಓಡಿತು. ನಾನು ಅವನ ಶೆಡ್ಯೂಲನ್ನು ಪೂರಾ ಹಾಳುಮಾಡಿದೆ ಅಂತ ಎದೆ ಉಬ್ಬಿಸಿಕೊಂಡು ತಿರುಗಿದೆ. ಎಷ್ಟೋ ದಿನದ ಮೇಲೆ ಅನುಮಾನ ಬಂತು. ಮ್ಯಾನೇಜ್‌ಮೆಂಟ್ ಅಂದರೆ ಇದೇ ಏನು? ಹಾಗಾದರೆ ಎರಡು ವರ್ಷ ಕಡಿಮೆಯೇ ಆಯಿತು.

ಸ್ಲ್ಯಾಬಿನ ದಿನ ಇನ್ನೂ ಬೆರಗು. ಕರೆದವರೆಲ್ಲ ಬಂದರು. ಯಾರ ಮನೆಯಲ್ಲೂ ಲಗ್ನ ಇಲ್ಲ, ಸಂತೆ ಇಲ್ಲ, ಕಾಲುವೆಗೆ ನೀರು ಬಂದಿಲ್ಲ. ಅಷ್ಟು ವರ್ಷದ ಕಸುಬಿನಲ್ಲಿ ಅಷ್ಟು ಜನ ಒಂದೇ ದಿನ ಬಂದದ್ದನ್ನು ನಾನು ಕಂಡೇ ಇರಲಿಲ್ಲ. ಮಿಕ್ಸರು ಗಿರಗಿರ, ಪುಟ್ಟಿ ಕೈಯಿಂದ ಕೈಗೆ. ಸೂರ್ಯ ಮುಳುಗುವ ಮೊದಲೇ ತಗಡಿದ್ದ ಕಡೆ ಮಾಳಿಗೆ ಬಂದಿತ್ತು. ಕೆಲವೇ ದಿನದಲ್ಲಿ ಕಾಲುವೆಗೆ ನೀರು ಬಿಟ್ಟರು, ಊರಲ್ಲಿ ಒಬ್ಬ ಕೂಲಿಯೂ ಉಳಿಯಲಿಲ್ಲ. ನೀರು ಬಿಟ್ಟ ದಿನ ಮಧ್ಯಾಹ್ನ ನಾನು ಅಳಿಯನ ಮುಖ ನೋಡಿದೆ. ಅವನು ಕೈಗಡಿಯಾರ ನೋಡಿ, "ಒಂದೂ ಕಾಲಾತು ಮಾಮಾ, ಹಸಿವಾಗ್ಯಾದ" ಅಂದ.

ಪಂಚಮಿಗೆ ಅಕ್ಕನನ್ನು ಕರೆಯಲು ಹೋದೆ. ಹೇಳಿದ ಮಾತು ಉಳಿಸಿಕೊಂಡು ಹೋದದ್ದು ಅದೇ ಮೊದಲು, ನಡಿಗೆಯೇ ಬೇರೆ ಥರ ಇತ್ತು. ಎರಡು ಕೊಂಡಿಗೆ ಹಗ್ಗ ಬಿಗಿದು ಜೋಕಾಲಿ ಕಟ್ಟಿದ್ದರು. ಅಳಿಯ ಪರೀಕ್ಷೆಯಲ್ಲಿ ಪಾಸಾಗಿದ್ದ. ಗಟ್ಟಿ ರಟ್ಟಿನ ಪ್ರಬಂಧವನ್ನು ನನ್ನ ಕೈಗಿಟ್ಟು ಚೀಲ ತುಂಬಲು ಒಳಗೆ ಹೋದ. ನಾನು ಜೋಕಾಲಿಯ ಮೇಲೆ ಕೂತು, ನನ್ನನ್ನು ಎಷ್ಟು ಬೈದಿದ್ದಾನೋ ಹುಡುಕೋಣ ಅಂತ ತೆರೆದೆ. ಎಲ್ಲ ಇಂಗ್ಲಿಷು. ಕೊನೆಯ ಪುಟಗಳು ಮಾತ್ರ ಕನ್ನಡ, ಯಾರು ಏನು ಉತ್ತರ ಹೇಳಿದರೋ ಹಾಗೇ ಬರೆದದ್ದು. ನನ್ನ ಐದೈದು ಅಂಕಗಳ ಹಿಂದಿನ ಪುಟದಲ್ಲಿ "ಮನೆಯ ಮಾಲೀಕರು" ಅಂತ ಇತ್ತು. ಮಾಲೀಕರು ಅಂದರೆ ನಮ್ಮ ಅಕ್ಕ.

ಪ್ರಶ್ನೆ: ಕೆಲಸ ಬೇಗ ಮುಗಿಸಲು ಮೇಸ್ತ್ರಿಯವರನ್ನು ನೀವು ಒತ್ತಾಯಿಸಿದ್ದೀರಾ?

ಉತ್ತರ: ಇಲ್ಲ.

ಪ್ರಶ್ನೆ: ಯಾಕೆ?

ಉತ್ತರ: ಅವ ಕೆಲಸ ಇದ್ದಲ್ಲಿ ಹೋಗೂ ಮನಿಷ್ಯಾ. ಮನಿ ಮುಗಿದ್ರ ವರ್ಷಕ್ಕೊಮ್ಮೆ ಪಂಚಮಿಗೆ ಬರ್ತಾನ, ಅಷ್ಟ. ಬಾಕಿ ಇದ್ರ ನಡುವ ನಾಕ ಸಲ ಬರ್ತಾನ. ನಾಕ ಇಟ್ಟಂಗಿ ಇಟ್ಟು ಒಂದು ರೊಟ್ಟಿ ಉಂಡು ಹೋಗ್ತಾನ. ತಗಡು ಕಾಯ್ತದ ಖರೆ, ನಡೀತದ.

ಜೋಕಾಲಿ ತಾನಾಗಿಯೇ ನಿಂತಿತು. ನಾಲ್ಕು ಇಟ್ಟಂಗಿ ಇಟ್ಟ ತಕ್ಷಣ ಸಾಕು ಬಿಡು ಅಂತಿದ್ದಳಲ್ಲ, ನನಗೆ ದಣಿವಾಗಿದೆ ಅಂತ ಹಾಗೆ ಅನ್ನುತ್ತಾಳೆ ಅಂದುಕೊಂಡಿದ್ದೆ. ಒಂಬತ್ತು ಬ್ಯಾಸಿಗೆ ತಗಡಿನ ಕೆಳಗೆ ಕೂತಿದ್ದಳು. ರಾಯಚೂರು ಸೀಮೆಯ ಬ್ಯಾಸಿಗೆ ಅಂದರೇನು ಅಂತ ಬೇರೆ ಹೇಳಬೇಕೇನ್ರಿ?

ಕಣ್ಣು ಎಲ್ಲಾದರೂ ಇಡಬೇಕಲ್ಲ, ಗೋಡೆಯ ಚಾರ್ಟಿನ ಮೇಲೆ ಇಟ್ಟೆ. ಎಲ್ಲ ಸಾಲಿಗೂ ಶುರುವಿನ ತಾರೀಖು, ಮುಗಿದ ತಾರೀಖು, ಪಕ್ಕದಲ್ಲಿ ಹಸಿರು ಗೀಟು. ತಳದಲ್ಲಿ ಹೊಸದಾಗಿ ಒಂದು ಸಾಲು ಸೇರಿತ್ತು: ಮಾಳಿಗೆ ಮೆಟ್ಟಿಲು, ಹದಿನೈದು. ಕೆಲಸದವರು: ಮಾಮಾ. ಶುರು: ಪಂಚಮಿ. ಮುಗಿಯುವುದು: ಖಾಲಿ. ನೀಲಿ ಪಟ್ಟಿ ಹಾಳೆಯ ಅಂಚಿನವರೆಗೆ ಹೋಗಿ, ಅಲ್ಲಿಂದ ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಮುಂದುವರಿದು, ಕಿಟಕಿಯ ಚೌಕಟ್ಟಿನ ತನಕ ಹೋಗಿತ್ತು. ತನ್ನ ಹಸಿವಿಗೂ ಮುಗಿಯುವ ಹೊತ್ತು ಬರೆದ ಹುಡುಗ!

"ಲೇ, ಇದಕ್ಕ ಮುಗಿಯೂ ತಾರೀಖು ಯಾಕ ಹಾಕಿಲ್ಲ?" ಅಂದೆ.

ಅವನು ಒಳಗಿಂದಲೇ, "ಅದು ಕೆಂಪು ಪಟ್ಟಿದಲ್ಲ ಮಾಮಾ, ಅವಸರ ಇಲ್ಲ" ಅಂದ. ಅಡುಗೆಮನೆಯಿಂದ ಅಕ್ಕ, "ಏನಲೇ ಅದು ಮಾವ-ಅಳಿಯಂದು? ರೊಟ್ಟಿ ಆರತಾವ, ಬಾ ತಮ್ಮಾ" ಅಂತ ಕೂಗಿದಳು.

ಅಳಿಯ ಈಗ ದೂರದಲ್ಲಿ ಯಾವುದೋ ಸೇತುವೆಗೆ ಪಟ್ಟಿ ಎಳೆಯುತ್ತಿದ್ದಾನೆ. ನಾನು ತಿಂಗಳಿಗೊಮ್ಮೆ, ಕೆಲವೊಮ್ಮೆ ಎರಡು ಸಲ, ಕರಣಿ ತಗೊಂಡು ದೇವದುರ್ಗದ ಬಸ್ಸು ಹತ್ತುತ್ತೇನೆ. ಹೋದ ಅಮಾವಾಸ್ಯೆಯ ಮರುದಿನವೂ ಹೋಗಿದ್ದೆ. ಒಂದು ಮೆಟ್ಟಿಲು ಕೂರಿಸಿ, ಎರಡು ರೊಟ್ಟಿ ಉಂಡು, ಚಹಾ ಕುಡಿದು ಬಂದೆ. ಆರು ಆಗಿವೆ. ಹದಿನೈದೂ ಮುಗಿದರೆ ಹೇಗೆ ಅಂತ ಒಮ್ಮೊಮ್ಮೆ ಚಿಂತೆ ಬರುತ್ತದೆ. ಆಮೇಲೆ ನೆನಪಾಗುತ್ತದೆ, ಮಾಳಿಗೆಗೆ ಸುತ್ತುಗೋಡೆಯೇ ಕಟ್ಟಿಲ್ಲವಲ್ಲ!